ಗುರುವಾರ ರಾತ್ರಿ ಪೀಟ್ಸ್ ಆಟ

ಪೀಟರ್‌ಬರೋದಲ್ಲಿ ಚಳಿಗಾಲದ ಗುರುವಾರ ಸಂಜೆ ಯಾರನ್ನೂ ಊಟಕ್ಕೆ ಕರೆಯಬಾರದು. ಬರಲ್ಲ ಅಂತಲ್ಲ. ಬಂದರೂ ಅವರ ಮನಸ್ಸೆಲ್ಲ ಮೆಮೋರಿಯಲ್ ಸೆಂಟರ್‌ನಲ್ಲೇ ಇರುತ್ತೆ. ಅಲ್ಲಿ ಏಳು ಗಂಟೆಗೆ ನಮ್ಮ ಊರಿನ ಐಸ್ ಹಾಕಿ ತಂಡ ಪೀಟ್ಸ್ ಆಟ.

ಕೆನಡಾದ ಟೊರಾಂಟೊದಿಂದ ಒಂದೂವರೆ ಗಂಟೆ ದಾರಿ ನಮ್ಮ ಊರು. ಜನ 80,000 ಚಿಲ್ಲರೆ. ಊರ ನಡುವೆ ಓಟನಬೀ ಹೊಳೆ, ಅದರ ದಡದಲ್ಲಿ ಕ್ವೇಕರ್ ಓಟ್ಸ್ ಕಾರ್ಖಾನೆ. ಗಾಳಿ ಈ ಕಡೆ ತಿರುಗಿದರೆ ಪೇಟೆಗೆಲ್ಲ ಹುರಿದ ಓಟ್ಸ್ ಘಮ. ದೋಣಿಗಳನ್ನು ನೀರಿನ ಸಮೇತ ಮೇಲೆತ್ತುವ ಲಿಫ್ಟ್ ಲಾಕ್ 1904ರದು, ಅದನ್ನು ನೋಡಲು ಬೇಸಿಗೆಯಲ್ಲಿ ಜನ ಬರುತ್ತಾರೆ. ಊರಿಗೆ ಅನ್ನ ಹಾಕಿದ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ಉತ್ಪಾದನೆ 2018ರಲ್ಲಿ ನಿಂತುಹೋಯಿತು. ಐಸ್ ಹಾಕಿ ತಂಡ ಮಾತ್ರ 1956ರಿಂದ ಕದಲಿಲ್ಲ. ಒಂಟಾರಿಯೊದ ಜೂನಿಯರ್ ಲೀಗ್‌ನಲ್ಲಿ, ಅಂದರೆ ಒಎಚ್‌ಎಲ್‌ನಲ್ಲಿ, ಒಂದೇ ಊರಲ್ಲಿ ಎಡೆಬಿಡದೆ ಇಷ್ಟು ವರ್ಷ ಆಡಿದ ತಂಡ ಇನ್ನೊಂದಿಲ್ಲ.

ನಾನು ಶಿವಮೊಗ್ಗದವಳು. ಪಕ್ (ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆ) ಯಾವುದು, ಪೆನಾಲ್ಟಿ ಯಾವುದು ಒಂದೂ ಗೊತ್ತಿರಲಿಲ್ಲ. ಕರೆದುಕೊಂಡು ಹೋದವರು ಪಕ್ಕದ ಮನೆಯವರು. ಎಪ್ಪತ್ತು ದಾಟಿದ ಹೆಂಗಸು. ನನ್ನ ಮಗಳು ಅವರನ್ನು ಅಜ್ಜಿ ಅಂತಲೇ ಕರೆಯೋದು, ಅವರೂ ಆ ಹೆಸರಿಗೇ ಓಗೊಡುತ್ತಾರೆ. ಗಂಡ ತೀರಿಕೊಂಡ ಮೇಲೂ ಇಬ್ಬರ ಸೀಸನ್ ಟಿಕೆಟ್ ಬಿಟ್ಟಿಲ್ಲ. ಆ ಗುರುವಾರ ಮೂರನೆಯದೊಂದನ್ನು ಎಲ್ಲಿಂದಲೋ ಹೊಂದಿಸಿದ್ದರು. "ಓಶಾವಾ ಬಂದಿದೆ. ಇವತ್ತು ನೋಡದಿದ್ದರೆ ಇನ್ಯಾವತ್ತು ನೋಡ್ತೀರಿ?" ಅಂದರು. ಓಶಾವಾ ಇಲ್ಲಿಂದ ಒಂದು ಗಂಟೆಯ ದಾರಿ. ಹಳೇ ಜಿದ್ದು.

ಒಳಗೆ ಹೋದರೆ ಥಂಡಿ, ಪಾಪ್‌ಕಾರ್ನ್ ವಾಸನೆ. ಮೇಲೆ ಸೂರಿಗೆ ಸಾಲಾಗಿ ಬ್ಯಾನರ್‌ಗಳು, ಒಂದು ತುದಿಯಲ್ಲಿ ಎರಡನೇ ಎಲಿಜಬೆತ್ ರಾಣಿಯ ದೊಡ್ಡ ಚಿತ್ರ. ನಮ್ಮ ಸೀಟು ಗಾಜಿನ ಗೋಡೆಗೆ ತೀರಾ ಹತ್ತಿರ. ಮೊದಲ ಸಲ ಇಬ್ಬರು ಹುಡುಗರು ಆ ಗೋಡೆಗೆ ಬಂದು ಅಪ್ಪಳಿಸಿದಾಗ ನಾನು ಮಗಳನ್ನು ತಬ್ಬಿಕೊಂಡುಬಿಟ್ಟೆ. ಗಾಜಿನ ಆ ಕಡೆ, ನನ್ನ ಮುಖದಿಂದ ಒಂದು ಮಾರು ದೂರದಲ್ಲಿ, ಹೆಲ್ಮೆಟ್ಟಿನೊಳಗೊಂದು ಮುಖ. ಕೆನ್ನೆ ತುಂಬ ಮೊಡವೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ದೂರದಿಂದ ನೋಡಿದರೆ ಯೋಧರ ಹಾಗೆ ಕಾಣುವ ಇವರೆಲ್ಲ 16ರಿಂದ 20ರೊಳಗಿನ ಹುಡುಗರು. ಅರ್ಧಕ್ಕರ್ಧ ಜನ ಬೆಳಗ್ಗೆ ಹೈಸ್ಕೂಲಿಗೆ ಹೋಗಿ ಬಂದವರು.

ಎರಡನೇ ಪೀರಿಯಡ್‌ನಲ್ಲಿ ನಮ್ಮವರು ಒಬ್ಬರ ಹಿಂದೆ ಒಬ್ಬರು ತಪ್ಪು ಮಾಡಿ ಇಬ್ಬರು ಪೆನಾಲ್ಟಿ ಬಾಕ್ಸ್ ಸೇರಿದರು, ಅಂದರೆ ಸ್ವಲ್ಪ ಹೊತ್ತು ಆಟದಿಂದ ಹೊರಗೆ ಕೂತರು. ಗೋಲ್ ಕಾಯುವವರನ್ನು ಬಿಟ್ಟರೆ ಓಶಾವಾದವರು ಐದು ಜನ, ನಮ್ಮವರು ಮೂರೇ. ಇಡೀ ಅಂಗಣ ಉಸಿರು ಬಿಗಿಹಿಡಿದಿದ್ದರೆ ಅಜ್ಜಿ ನಗುತ್ತಿದ್ದರು.

"ಈಗ ರಾಜರ್ ಇದ್ದಿದ್ರೆ!"

ರಾಜರ್ ಅಂದರೆ ರಾಜರ್ ನೀಲ್ಸನ್. 1966ರಿಂದ 1976ರವರೆಗೆ ಪೀಟ್ಸ್ ಕೋಚ್. ಆಮೇಲೆ ಎನ್‌ಎಚ್‌ಎಲ್‌ಗೆ, ಅಂದರೆ ಅಮೆರಿಕ-ಕೆನಡಾದ ದೊಡ್ಡ ವೃತ್ತಿಪರ ಲೀಗ್‌ಗೆ, ಹೋಗಿ ಹೆಸರು ಮಾಡಿದರು, ಆಟದ ವಿಡಿಯೋ ಹಿಡಿದು ಕೂತು ಪಾಠ ಮಾಡುತ್ತಿದ್ದರಿಂದ ಅಲ್ಲಿ ಅವರಿಗೆ 'ಕ್ಯಾಪ್ಟನ್ ವಿಡಿಯೋ' ಅಂತಲೇ ಅಡ್ಡಹೆಸರು. ಈ ಊರಲ್ಲಿ ಅವರ ಹೆಸರಿನ ಒಂದು ಸ್ಕೂಲೇ ಇದೆ. ಆದರೆ ಅಜ್ಜಿಯ ನೆನಪಿನಲ್ಲಿ ಉಳಿದಿರೋದು ಅವರ ತರಲೆಗಳು.

ರೂಲ್ ಬುಕ್ಕನ್ನು ಅವರಷ್ಟು ಗಮನವಿಟ್ಟು ಓದಿದವರು ಯಾರೂ ಇರಲಿಲ್ಲವಂತೆ. ಒಂದು ತಂಡದವರು ಎಷ್ಟೇ ತಪ್ಪು ಮಾಡಲಿ, ಅಂಗಳದಲ್ಲಿ ಮೂರು ಜನಕ್ಕಿಂತ ಕಡಿಮೆ ಮಾಡುವ ಹಾಗಿಲ್ಲ. ಮೂರನೇ ಪೆನಾಲ್ಟಿ ಬಿದ್ದರೆ ಅದು ಸರದಿಯಲ್ಲಿ ಕಾಯಬೇಕು. ಒಂದು ಪಂದ್ಯದಲ್ಲಿ ಪೀಟ್ಸ್ ಒಂದು ಗೋಲ್ ಮುಂದಿದ್ದರು, ಇಬ್ಬರು ಹೊರಗೆ, ಉಳಿದಿದ್ದು ಒಂದು ನಿಮಿಷವೂ ಇಲ್ಲ. ನೀಲ್ಸನ್ ಬೇಕಂತಲೇ ಹೆಚ್ಚಿನ ಆಟಗಾರರನ್ನು ಐಸ್ ಮೇಲೆ ಇಳಿಸಿದರು. ರೆಫರಿ ಸೀಟಿ ಊದಿದ, ಆಟ ನಿಂತಿತು, ಪೆನಾಲ್ಟಿ ಬಿತ್ತು. ಆದರೆ ಅದನ್ನು ಅನುಭವಿಸೋಕೆ ಸಮಯ ಎಲ್ಲಿದೆ? ಆಟ ಶುರುವಾಗಿ ಹತ್ತು ಸೆಕೆಂಡಿಗೆ ಮತ್ತೆ ಇಳಿಸಿದರು. ಮತ್ತೆ ಸೀಟಿ. ಎದುರಾಳಿಗೆ ದಾಳಿ ಕಟ್ಟೋಕೇ ಬಿಡಲಿಲ್ಲ. ಆಮೇಲೆ ನಿಯಮವನ್ನೇ ಬದಲಾಯಿಸಿದರು. ಈಗ ಹಾಗೆ ಮಾಡಿದರೆ ಎದುರಾಳಿಗೆ ಪೆನಾಲ್ಟಿ ಶಾಟ್, ಅಂದರೆ ಗೋಲ್ ಕಾಯುವವನೊಬ್ಬನನ್ನೇ ಎದುರಿಸಿ ಹೊಡೆಯುವ ಅವಕಾಶ.

ಪೆನಾಲ್ಟಿ ಶಾಟ್ ಕತೆ ಇನ್ನೂ ಚೆನ್ನಾಗಿದೆ. ಗೋಲ್‌ನಲ್ಲಿ ಗೋಲಿಯೇ, ಅಂದರೆ ಗೋಲ್ ಕಾಯುವವನೇ, ನಿಲ್ಲಬೇಕು ಅಂತ ಆಗ ಪುಸ್ತಕದಲ್ಲಿ ಬರೆದಿರಲಿಲ್ಲ. ನೀಲ್ಸನ್ ಗೋಲಿಯನ್ನು ಹೊರಗೆ ಕರೆದು, ರಾನ್ ಸ್ಟ್ಯಾಕ್‌ಹೌಸ್ ಅನ್ನೋ ಡಿಫೆನ್ಸ್ ಆಟಗಾರನನ್ನು ನಿಲ್ಲಿಸಿದರು. ಹೊಡೆಯುವವನು ನೀಲಿ ಗೆರೆ ದಾಟಿದ್ದೇ ತಡ, ಇವನು ನುಗ್ಗಿ ಹೋಗಿ ಮೈಮೇಲೆ ಬೀಳಬೇಕು. ಹೊಡೆಯುವವನಿಗೆ ಏನು ಮಾಡಬೇಕು ಅಂತಲೇ ತೋಚುತ್ತಿರಲಿಲ್ಲ. ಅದಕ್ಕೂ ನಿಯಮ ಬಂತು.

ಅಭ್ಯಾಸಕ್ಕೆ ನಾಯಿಯನ್ನೂ ಕರೆತರುತ್ತಿದ್ದರಂತೆ. ಗೋಲ್ ಮುಂದೆ ನಾಯಿಯನ್ನು ನಿಲ್ಲಿಸಿ, ತಾವು ಪಕ್ ಹಿಡಿದು ಗೋಲ್ ಹಿಂದೆ ಆ ಕಡೆ ಈ ಕಡೆ ಓಡಾಡೋದು. ನಾಯಿ ಹಿಂದೆ ಹೋಗುತ್ತಿರಲಿಲ್ಲ. ಮುಂದೆಯೇ ನಿಂತು, ಈತ ಯಾವ ಕಡೆಯಿಂದ ಹೊರಗೆ ಬರ್ತಾನೆ ಅಂತ ಕಾಯುತ್ತಿತ್ತು. ಡಿಫೆನ್ಸ್ ಹುಡುಗರು ನೋಡಿ ಕಲಿಯಬೇಕಾದ್ದು ಅದನ್ನೇ. ಇದನ್ನು ಕೇಳಿ ನನ್ನ ಮಗಳಿಗೆ ಆ ಕ್ಷಣದಿಂದ ಹಾಕಿ ಇಷ್ಟವಾಗಿಬಿಟ್ಟಿತು.

ಸುಮ್ನೆ ತಮಾಷೆಯಲ್ಲ ಇದು. ನೀಲ್ಸನ್ ಕೈಯಲ್ಲಿ ಪಳಗಿದ ಬಾಬ್ ಗೇನೀ ಇದೇ ಊರಿನ ಹುಡುಗ. ಗೋಲ್ ಹೊಡೆಯೋದಕ್ಕಿಂತ ಎದುರಾಳಿಗೆ ಹೊಡೆಯಲು ಬಿಡದಿರೋದರಲ್ಲಿ ನಿಸ್ಸೀಮ. ಅಂಥ ಆಟಗಾರರಿಗೆ ಅಂತ ಎನ್‌ಎಚ್‌ಎಲ್ 1978ರಲ್ಲಿ ಒಂದು ಪ್ರಶಸ್ತಿ ಶುರು ಮಾಡಿತು. ಮೊದಲ ನಾಲ್ಕು ವರ್ಷವೂ ಅದು ಗೇನೀ ಪಾಲಾಯಿತು.

ಅಷ್ಟರಲ್ಲಿ ಓಶಾವಾದವರು ಗೋಲ್ ಹೊಡೆದರು. ಅಜ್ಜಿ ಕತೆ ನಿಲ್ಲಿಸಿ ನಮ್ಮ ಗೋಲಿಗೆ ಎರಡು ಮಾತು ಬೈದರು. ಅದನ್ನಿಲ್ಲಿ ಬರೆಯಲ್ಲ.

ವಿರಾಮದಲ್ಲಿ ಜಾಂಬೋನಿ ಗಾಡಿ ಐಸ್ ಒರೆಸುತ್ತಿದ್ದಾಗ ಉಳಿದ ಇತಿಹಾಸ ಬಂತು. ತಂಡ ಮೊದಲು ಕಿಚನರ್ ಊರಿನದು, 1956ರಲ್ಲಿ ಇಲ್ಲಿಗೆ ಬಂತು. ಈ ಕಟ್ಟಡವೂ ಅದೇ ವರ್ಷದ್ದು. ಖರ್ಚಿಗೆ ನಿಂತಿದ್ದು ಟೊರಾಂಟೊ-ಪೀಟರ್‌ಬರೋ ಲಾರಿ ಸಾಗಣೆ ಕಂಪನಿ, ಹಾಗಾಗಿ ಹೆಸರು ಟಿಪಿಟಿ ಪೀಟ್ಸ್. ಎನ್‌ಎಚ್‌ಎಲ್‌ನಲ್ಲಿ ಕೋಚ್ ಆಗಿ ಒಂಬತ್ತು ಸಲ ಸ್ಟ್ಯಾನ್ಲಿ ಕಪ್ ಗೆದ್ದ ಸ್ಕಾಟಿ ಬೋಮನ್ ತನ್ನ ಇಪ್ಪತ್ತೈದರ ಆಸುಪಾಸಿನಲ್ಲಿ ಇಲ್ಲಿ ಕೋಚ್ ಆಗಿದ್ದರು, 1959ರಲ್ಲಿ ತಂಡವನ್ನು ಮೆಮೋರಿಯಲ್ ಕಪ್ ಫೈನಲ್‌ವರೆಗೆ ಒಯ್ದರು. ಅದು ಕೆನಡಾದ ಜೂನಿಯರ್ ಹಾಕಿಯ ದೊಡ್ಡ ಕಪ್. ಸೋತರು. 1972ರಲ್ಲಿ ಫೈನಲ್, ಸೋತರು. 1978ರಲ್ಲೂ ಅಷ್ಟೇ. 1979ರಲ್ಲಿ ಬ್ರ್ಯಾಂಡನ್ ತಂಡದ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಬಾಬ್ ಆಟ್‌ವೆಲ್ ಗೋಲ್ ಹೊಡೆದು ಗೆಲ್ಲಿಸಿದ. ಆಮೇಲೆ 1980ರಲ್ಲಿ ಸೋಲು, 1996ರಲ್ಲಿ ಇದೇ ಊರಲ್ಲಿ ಎಲ್ಲರ ಕಣ್ಣೆದುರು ಸೋಲು. ಒಎಚ್‌ಎಲ್ ಕಿರೀಟ ಹತ್ತು ಸಲ ಗೆದ್ದವರಿಗೆ ಮೆಮೋರಿಯಲ್ ಕಪ್ ಒಂದೇ ಒಂದು. ಎನ್‌ಎಚ್‌ಎಲ್ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲೂ ಹೀಗೇ: 1993ರಲ್ಲಿ ಕ್ರಿಸ್ ಪ್ರಾಂಗರ್, 2003ರಲ್ಲಿ ಎರಿಕ್ ಸ್ಟಾಲ್, 2006ರಲ್ಲಿ ಅವನ ತಮ್ಮ ಜೋರ್ಡನ್, ಮೂವರೂ ಎರಡನೇ ಆಯ್ಕೆ. ಅಜ್ಜಿಗೆ ಇದರ ಬಗ್ಗೆ ಬೇಜಾರೇನಿಲ್ಲ. ಎರಡನೆಯವರಾಗಿ ಬದುಕೋದು ಈ ಊರಿಗೆ ಅಭ್ಯಾಸವಾಗಿದೆ ಅಂತ ನನಗನ್ನಿಸಿತು. ಟೊರಾಂಟೊ ಅಷ್ಟು ಹತ್ತಿರ ಇರುವಾಗ ಇನ್ನೇನಾಗುತ್ತೆ?

ಐಸ್ ಹಾಕಿಯ ಅತಿ ದೊಡ್ಡ ಹೆಸರು ವೇಯ್ನ್ ಗ್ರೆಟ್ಸ್ಕಿ ಕೂಡ ಇಲ್ಲಿ ಆಡಿದ್ದಾನೆ, 15ನೇ ವಯಸ್ಸಿಗೆ, ಮೂರೇ ಪಂದ್ಯ. ತಂಡಕ್ಕೆ ಆಟಗಾರರು ಸಾಲದೆ ಬಂದಾಗ ಬದಲಿಗೆ ಕರೆಸಿದ್ದು. ಒಂದು ವಯಸ್ಸು ದಾಟಿದ ಈ ಊರಿನವರು ಯಾರನ್ನೇ ಕೇಳಿ, ಆ ಆಟ ನೋಡಿದ್ದೆ ಅಂತಾರೆ. ಮೆಮೋರಿಯಲ್ ಸೆಂಟರ್‌ನಲ್ಲಿ ಅಷ್ಟು ಜನ ಹಿಡಿಸಲ್ಲ. ಅಜ್ಜಿಯೂ ನೋಡಿದ್ದಾರಂತೆ.

ಈ ತಂಡಕ್ಕೆ ಶ್ರೀಮಂತ ಮಾಲೀಕ ಅಂತ ಯಾರೂ ಇಲ್ಲ. ಲಾಭದ ಆಸೆಯಿಲ್ಲದ, ಊರಿನವರದೇ ಸಂಸ್ಥೆ. ಬಹುಶಃ ಅದಕ್ಕೇ ಯಾರೂ ಎತ್ತಿಕೊಂಡು ಬೇರೆ ಊರಿಗೆ ಹೋಗಿಲ್ಲ. ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹುಡುಗರ ಊಟ-ವಸತಿಯ ಏರ್ಪಾಡು. ಹೊರಗಿನಿಂದ ಬಂದ ಹುಡುಗರು ಹಾಸ್ಟೆಲಲ್ಲಿ ಇರಲ್ಲ, ಊರಿನವರ ಮನೆಗಳಲ್ಲಿ ಇರುತ್ತಾರೆ. ಬಿಲೆಟ್ ಅಂತಾರೆ. ನಮ್ಮ ಅಜ್ಜ ಮೈಸೂರಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಇಲ್ಲಿ ವಾರಪೂರ್ತಿ ಒಂದೇ ಮನೆ, ಮಲಗೋದೂ ಅಲ್ಲೇ. ತಂಡದವರು ಊಟದ ಖರ್ಚಿಗೆ ಅಂತ ಒಂದಿಷ್ಟು ಕೊಡುತ್ತಾರೆ. ಸಾಲುತ್ತಾ ಅಂತ ಕೇಳಿದೆ. ಅಜ್ಜಿ ಉತ್ತರ ಕೊಡದೆ ನನ್ನ ಮುಖ ನೋಡಿದರು. ಇಲ್ಲಿ ಹಾಲು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತೆ, ನಾಲ್ಕು ಲೀಟರ್ ಒಂದು ಕಟ್ಟು. ಇಬ್ಬರು ಹುಡುಗರಿದ್ದಾಗ ಅದು ಎರಡನೇ ದಿನಕ್ಕೆ ಖಾಲಿ.

ಅವರ ಮನೆಯ ಬೇಸ್‌ಮೆಂಟಿನಲ್ಲಿ ಎಷ್ಟೋ ವರ್ಷ ಹುಡುಗರಿದ್ದರು. ಒಬ್ಬ ಹುಡುಗನನ್ನು ಜನವರಿಯಲ್ಲಿ ಬೇರೆ ತಂಡಕ್ಕೆ ಟ್ರೇಡ್ ಮಾಡಿದರಂತೆ. ಸಂಜೆ ಫೋನ್ ಬಂತು, ರಾತ್ರಿಯೇ ಹೊರಟ. ಶಾಲೆ ಅರ್ಧಕ್ಕೆ, ಗೆಳೆಯರು ಅರ್ಧಕ್ಕೆ. ಅವನ ಬಟ್ಟೆ ಇನ್ನೂ ಡ್ರೈಯರ್‌ನಲ್ಲೇ ಸುತ್ತುತ್ತಿತ್ತು. ಬಿಸಿ ಬಿಸಿಯಾಗೇ ತೆಗೆದು ಚೀಲಕ್ಕೆ ತುಂಬಿ ಕೊಟ್ಟರು. 17 ವರ್ಷದ ಮಕ್ಕಳನ್ನು ಹೀಗೆ ಅದಲು ಬದಲು ಮಾಡೋ ಈ ಲೀಗ್‌ಗಳ ಪದ್ಧತಿ ನನಗೆ ಅರಗಲಿಲ್ಲ, ಇನ್ನೂ ಅರಗಿಲ್ಲ. ಅಜ್ಜಿಗೂ ಇಷ್ಟವಿಲ್ಲ. "ಮಾರನೇ ದಿನ ಅವನ ಬದಲಿಗೆ ಬಂದವನನ್ನ ಎರಡು ದಿನ ನಾನು ಮಾತಾಡಿಸಲಿಲ್ಲ. ಪಾಪ, ಅವನೇನು ಮಾಡಿದ್ದ?" ಅಂದರು.

ಹೀಗೆ ಬಂದವರಲ್ಲಿ ಎನ್‌ಎಚ್‌ಎಲ್ ಮುಟ್ಟೋರು ಕೆಲವರೇ. ಪೀಟ್ಸ್ ಆ ಲೆಕ್ಕದಲ್ಲಿ ಪುಣ್ಯವಂತರು. 1981ರಿಂದ ಎರಡು ವರ್ಷ ಇಲ್ಲಿ ಆಡಿದ ಸ್ಟೀವ್ ಐಸರ್‌ಮನ್ ಡೆಟ್ರಾಯ್ಟ್‌ಗೆ ಹೋಗಿ ದೊಡ್ಡ ನಾಯಕನಾದ. ಉಳಿದವರಿಗೆ ಆಡಿದ ವರ್ಷಗಳ ಲೆಕ್ಕದಲ್ಲಿ ಕಾಲೇಜು ಫೀಸಿಗೆ ಲೀಗ್ ಸ್ಕಾಲರ್‌ಶಿಪ್ ಕೊಡುತ್ತೆ. ಅಜ್ಜಿಯ ಹುಡುಗರಲ್ಲಿ ಒಬ್ಬ ಇಲ್ಲೇ ಪ್ಲಂಬರ್. ಅವರ ಮನೆಯ ನಲ್ಲಿ ಕೆಟ್ಟರೆ ದುಡ್ಡು ತಗೊಳ್ಳಲ್ಲ.

2023ರ ಮೇ ತಿಂಗಳಲ್ಲಿ ಇದೇ ಐಸ್ ಮೇಲೆ ಲಂಡನ್ ತಂಡವನ್ನು, ಒಂಟಾರಿಯೊದ ಲಂಡನ್, ಸೋಲಿಸಿ ಪೀಟ್ಸ್ ಮತ್ತೆ ಒಎಚ್‌ಎಲ್ ಕಪ್ ಎತ್ತಿದರು. 17 ವರ್ಷ ಕಾದ ಮೇಲೆ. ಆ ರಾತ್ರಿಯ ಬಗ್ಗೆ ಅಜ್ಜಿ ಜಾಸ್ತಿ ಹೇಳಲಿಲ್ಲ, ಗಂಟಲು ಕಟ್ಟಿ ಮೂರು ದಿನ ಮಾತು ಬಂದಿರಲಿಲ್ಲ ಅಂದರು ಅಷ್ಟೇ. ಮೆಮೋರಿಯಲ್ ಕಪ್? ಅದು ಸಿಗಲಿಲ್ಲ, ಸೆಮಿಫೈನಲ್‌ನಲ್ಲಿ ಸಿಯಾಟಲ್ ಎದುರು ಸೋತರು.

ನಾವು ನೋಡಿದ ಆಟದಲ್ಲೂ ಪೀಟ್ಸ್ ಸೋತರು. ಹೊರಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾ ಅಜ್ಜಿ ಕೇಳಿದರು, "ನಿಮ್ಮ ಮನೇಲಿ ಮೇಲಿನ ರೂಮ್ ಖಾಲಿ ಇದೆ ಅಲ್ವಾ? ಮುಂದಿನ ಸೀಸನ್‌ಗೆ ತಂಡದವರು ಮನೆ ಹುಡುಕ್ತಾರೆ."

"ನಮ್ಮದು ಸಸ್ಯಾಹಾರಿ ಮನೆ. ಅನ್ನ, ಸಾರು, ಪಲ್ಯ. ಆಟ ಆಡೋ ಹುಡುಗ ಇದನ್ನ ತಿಂತಾನಾ?"

"ಐಸ್ ಮೇಲಿಂದ ಇಳಿದು ಬಂದ ಹುಡುಗ ಏನಿಟ್ಟರೂ ತಿಂತಾನೆ. ಎಷ್ಟು ಕುಕ್ಕರ್ ಇಡ್ತೀರಿ ಅಂತ ಮೊದಲು ಲೆಕ್ಕ ಹಾಕಿಕೊಳ್ಳಿ."

ನಮ್ಮ ಯಜಮಾನರು ಬೇಡ ಅಂದಿಲ್ಲ, ಹೂಂ ಅಂತಲೂ ಅಂದಿಲ್ಲ. ಮಗಳು ಮಾತ್ರ ಆ ರೂಮಿನಿಂದ ತನ್ನ ಆಟದ ಸಾಮಾನು ಹೊರಗೆ ಸಾಗಿಸಲು ಶುರು ಮಾಡಿದ್ದಾಳೆ. ಬರುವ ಹುಡುಗ ನಾಯಿ ತರಬಹುದಾ ಅಂತ ದಿನಾ ಒಂದು ಸಲ ಕೇಳುತ್ತಾಳೆ.