ನಲಿಕಲಿ ಖೋಲಿಯ ಓದಿನ ಹಬ್ಬ: ಜೂನ್‌ದಿಂದ ನವೆಂಬರ್ ತನಕದ ಕೆಲಸ

ಜೂನ್, ಮೂರನೆಯ ವಾರ

ಗದಗ ತಾಲೂಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂಡುವ ನಲಿಕಲಿ ಖೋಲಿ. ನವೆಂಬರ್ 14ಕ್ಕೆ ಇಲ್ಲಿ ಓದಿನ ಹಬ್ಬ ಆಗಬೇಕು. ಮೈಕು, ಪೆಂಡಾಲು, ಬಾಯಿಪಾಠದ ಭಾಷಣ ಯಾವುದೂ ಬೇಡ. ಪ್ರತಿ ಮಗು ತಾನು ಈವರೆಗೆ ನೋಡಿರದ ಒಂದು ಪುಸ್ತಕ ಎತ್ತಿಕೊಂಡು ಪಕ್ಕದಲ್ಲಿ ಕೂತವರಿಗೆ ಓದಿ ಹೇಳಬೇಕು, ಅಷ್ಟೇ.

‘ನೋಡಿರದ’ ಎನ್ನುವ ಮಾತಿಗೇ ಎಲ್ಲ ತಯಾರಿ. ತರಗತಿಯಲ್ಲಿ ಹತ್ತು ಸಲ ಕೇಳಿದ ಪಾಠವನ್ನು ಮಕ್ಕಳು ಹಾಳೆ ನೋಡದೆಯೂ ‘ಓದುತ್ತಾರೆ’. ಬೆರಳು ಒಂದು ಸಾಲಿನ ಮೇಲೆ, ಬಾಯಿ ಇನ್ನೊಂದು ಸಾಲಿನ ಮೇಲೆ. ಗುರುತಿಸುವುದು ಸುಲಭ: ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಿ ನೋಡಿ, ಇಲ್ಲವೇ ನಡುವಿನ ಒಂದು ಪದ ತೋರಿಸಿ ಕೇಳಿ. ಬಾಯಿಪಾಠವಾಗಿದ್ದರೆ ಮಗು ಮೊದಲಿನಿಂದ ಶುರು ಮಾಡಿಯೇ ಆ ಪದಕ್ಕೆ ಬರುತ್ತದೆ.

ಹಾಗಾಗಿ ಮೊದಲ ತೀರ್ಮಾನ: ನಾಲ್ಕು ಹಂತ, ಹಂತಕ್ಕೆ 12ರಂತೆ 48 ಪುಸ್ತಕ ಟ್ರಂಕಿನಲ್ಲಿ ಬೀಗ ಹಾಕಿ ಇಡುವುದು, ಹಬ್ಬದ ದಿನವೇ ತೆಗೆಯುವುದು. ಉಳಿದವು ದಿನದ ಬಳಕೆಗೆ. ಎರೆ ನೆಲದ ಊರು, ಗೆದ್ದಲು ಗೋಡೆಗುಂಟ ಏರುತ್ತದೆ. ಟ್ರಂಕಿನ ಕೆಳಗೆ ನಾಲ್ಕು ಇಟ್ಟಿಗೆ, ಗೋಡೆಯಿಂದ ಒಂದು ಗೇಣು ದೂರ.

ಜುಲೈ, ಮೊದಲ ವಾರ

ಒಂದನೆಯ ತರಗತಿಗೆ ಪುಸ್ತಕ ಹೊಂದಿಸುವುದೇ ಕಷ್ಟ. ನಲಿಕಲಿಯ ಏಣಿಯಲ್ಲಿ, ಅಂದರೆ ಕಲಿಕೆಯ ಮೆಟ್ಟಿಲುಗಳ ಪಟ್ಟಿಯಲ್ಲಿ, ಅಕ್ಷರ ಕಲಿಕೆ ವರ್ಣಮಾಲೆಯ ಕ್ರಮದಲ್ಲಿ ಇಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಪುಸ್ತಕದ ಮೊದಲ ಸಾಲಿನಲ್ಲೇ ಗುಣಿತಾಕ್ಷರವೂ ಒತ್ತಕ್ಷರವೂ ಬಂದುಬಿಡುತ್ತವೆ. ಹತ್ತು ಅಕ್ಷರ ಬಲ್ಲ ಮಗುವಿಗೆ ಓದಲು ಅದರಲ್ಲಿ ಏನೂ ಇರುವುದಿಲ್ಲ.

ಆ ಹತ್ತೇ ಅಕ್ಷರಗಳಲ್ಲಿ ಪೂರ್ಣ ವಾಕ್ಯ ಕಟ್ಟಲು ಕೂತರೆ ಕನ್ನಡ ಒಪ್ಪುವುದಿಲ್ಲ. ಕ್ರಿಯಾಪದ ಬಂದ ಕೂಡಲೇ ಗುಣಿತ ಬರುತ್ತದೆ. ಷಷ್ಠಿ ವಿಭಕ್ತಿಯಿಂದ ದಾರಿ ಸಿಕ್ಕಿತು. ‘ಬಸವನ ದನ’, ‘ಅರಸನ ಗಜ’, ‘ಅಗಸನ ಮಗ’, ‘ಮಗನ ಸರ’, ‘ಬನದ ಮರ’, ‘ನಗರದ ಜನ’, ‘ಅಗಸನ ಅವಸರ’. ಪುಟಕ್ಕೆ ಒಂದರಂತೆ ಎಂಟು ಪುಟದ ಪುಸ್ತಕಕ್ಕೆ ಸಾಕು. ಜೂನ್‌ದಲ್ಲಿ ಶಾಲೆಗೆ ಬಂದ ಮಗು ಆಗಸ್ಟ್‌ದಲ್ಲಿ ಒಂದು ಇಡೀ ಪುಸ್ತಕ ಓದಿ ಮುಗಿಸಿ ಕೆಳಗಿಡುತ್ತದೆ. ಆ ಮುಖ ನೋಡಲಿಕ್ಕೆಂದೇ ಈ ಕೆಲಸ ಮಾಡಬೇಕು.

ಒಂದು ತಪ್ಪು ಆಯಿತು. ‘ಅರಸನ ಗಜ’ ಎಂದು ಬರೆದು ಮೇಲೆ ಆನೆಯ ಚಿತ್ರ ಬಿಡಿಸಿದ್ದರಿಂದ ಮಕ್ಕಳೆಲ್ಲ ‘ಅರಸನ ಆನಿ’ ಎಂದೇ ಓದಿದರು. ಕಣ್ಣು ಅಕ್ಷರಕ್ಕಿಂತ ಮೊದಲು ಚಿತ್ರಕ್ಕೆ ಹೋಗುತ್ತದೆ. ಎರಡನೆಯ ಪ್ರತಿಯಲ್ಲಿ ಪದ ಈ ಪುಟದಲ್ಲಿ, ಚಿತ್ರ ಮಗುಚಿದ ಮೇಲೆ ಹಿಂದಿನ ಪುಟದಲ್ಲಿ. ಈಗ ಓದಿದ ಮೇಲೆ ಮಗು ತಾನೇ ಪುಟ ತಿರುವಿ, ತಾನು ಓದಿದ್ದು ಸರಿಯೋ ಇಲ್ಲವೋ ನೋಡಿಕೊಳ್ಳುತ್ತದೆ.

ಜುಲೈ, ಕೊನೆಯ ವಾರ

ಮೇಲಿನ ಹಂತಗಳಿಗೆ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಿಂದ ಕನ್ನಡ ಕಥೆ ಇಳಿಸಿಕೊಂಡೆವು. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿ ಹಂಚಲು ಅಡ್ಡಿಯಿಲ್ಲ. ಬರೆದವರ, ಚಿತ್ರ ಬಿಡಿಸಿದವರ ಹೆಸರಿನ ಪುಟವನ್ನು ಮಾತ್ರ ಬಿಡಬಾರದು.

ಎ4 ಹಾಳೆ ಮಡಚಿದರೆ ನಾಲ್ಕು ಪುಟ. 16 ಪುಟಕ್ಕೆ ನಾಲ್ಕು ಹಾಳೆ. ಹೊರಗಿನ ಹಾಳೆಯ ಒಂದು ಮೈಯಲ್ಲಿ 16 ಮತ್ತು 1, ಇನ್ನೊಂದು ಮೈಯಲ್ಲಿ 2 ಮತ್ತು 15. ಎರಡೂ ಮೈ ಮುದ್ರಿಸುವಾಗ ಹಾಳೆಯನ್ನು ಗಿಡ್ಡ ಅಂಚಿನ ಮೇಲೆ ತಿರುವಬೇಕು. ಉದ್ದ ಅಂಚು ಆಯ್ಕೆ ಮಾಡಿದರೆ ಹಿಂದಿನ ಪುಟಗಳೆಲ್ಲ ತಲೆಕೆಳಗಾಗುತ್ತವೆ. ಮೊದಲ 20 ಹಾಳೆ ಹೀಗೇ ಹಾಳಾದವು. ಅವನ್ನು ಅಕ್ಷರ ಕತ್ತರಿಸಿ ಅಂಟಿಸುವ ಆಟಕ್ಕೆ ಕೊಟ್ಟೆವು.

ಸ್ಟೇಪ್ಲರ್ ಪಿನ್ನು ಮಳೆಗಾಲದಲ್ಲಿ ತುಕ್ಕು ಹಿಡಿದು ಹಾಳೆ ಹರಿಯುತ್ತದೆ. ಸೂಜಿ-ದಾರದ ಮೂರು ತೂತಿನ ಹೊಲಿಗೆಯೇ ಗಟ್ಟಿ. ಮಡಿಕೆಯ ಉದ್ದ 21 ಸೆಂ.ಮೀ. ನಡುವೆ ಒಂದು ತೂತು, ಅದರಿಂದ ಮೇಲೆ ಕೆಳಗೆ 7 ಸೆಂ.ಮೀ. ಬಿಟ್ಟು ಒಂದೊಂದು. ದಾರ ಅರ್ಧ ಮೀಟರ್. ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ, ಮೇಲಿನ ತೂತಿನಲ್ಲಿ ಒಳಗೆ, ಒಳಗೇ ಉದ್ದಕ್ಕೆ ಇಳಿದು ಕೆಳಗಿನ ತೂತಿನಲ್ಲಿ ಹೊರಗೆ, ಮತ್ತೆ ನಡುವಿನ ತೂತಿನಲ್ಲಿ ಒಳಗೆ. ಆ ಉದ್ದ ದಾರದ ಎಡಕ್ಕೊಂದು, ಬಲಕ್ಕೊಂದು ತುದಿ ಬರುವಂತೆ ಗಂಟು. ಎರಡೂ ತುದಿ ಒಂದೇ ಬದಿಗೆ ಬಂದರೆ ಹೊಲಿಗೆ ಸಡಿಲ ಬೀಳುತ್ತದೆ.

ಬೆನ್ನಿಗೆ ಹಳೆಯ ಧೋತರದ ಪಟ್ಟಿ, ಮೈದಾ ಅಂಟು. ಒಂದು ಬಟ್ಟಲು ಮೈದಾ, ನಾಲ್ಕು ಬಟ್ಟಲು ನೀರು. ಮೊದಲು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ಮೂರು ಬಟ್ಟಲು ಕುದಿಯುವ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಗಂಜಿಯಂತೆ ಹೊಳಪು ಬರುವ ತನಕ ತಿರುವಬೇಕು. ಹುಳ ಹಿಡಿಯಬಾರದೆಂದು ಮೈಲುತುತ್ತ ಹಾಕುವ ರೂಢಿ ಇದೆ. ಅದು ವಿಷ, ಮಕ್ಕಳು ಮುಟ್ಟುವ ಪುಸ್ತಕಕ್ಕೆ ಬೇಡವೇ ಬೇಡ. ಬೇಕಾದಷ್ಟೇ ಕಾಯಿಸಿ ಎರಡು ದಿನದೊಳಗೆ ಮುಗಿಸುವುದು ಒಳ್ಳೆಯದು.

ಆಗಸ್ಟ್

ಎಲ್ಲರೂ ಕೂಡಿ ಓದಲು ದೊಡ್ಡ ಪುಸ್ತಕ: ಇಡೀ ಡ್ರಾಯಿಂಗ್ ಶೀಟಿನ ಆರು ಪುಟ. ಮೂರು ಮೀಟರ್ ದೂರ ಕೂತ ಮಗುವಿಗೂ ಕಾಣಲು ಅಕ್ಷರದ ಎತ್ತರ 3 ಸೆಂ.ಮೀ. ಇರಲಿ. ಸಾಲಿನ ನಡುವಿನ ಅಂತರದಲ್ಲಿ ಜಿಪುಣತನ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ; ಒಂದು ಸಾಲಿನಿಂದ ಮುಂದಿನ ಸಾಲಿಗೆ 7 ಸೆಂ.ಮೀ. ಇಟ್ಟ ಮೇಲೆ ಸರಿಹೋಯಿತು. ಸಾಲಿಗೆ 16ರಿಂದ 18 ಅಕ್ಷರ, ಪುಟಕ್ಕೆ ಮೂರೇ ಸಾಲು. ದೀರ್ಘದ ಚಿಹ್ನೆಯನ್ನು ಅಕ್ಷರಕ್ಕೆ ಹತ್ತಿಸಿಯೇ ಬರೆಯಬೇಕು, ದೂರ ಹೋದರೆ ಮಕ್ಕಳು ಅದನ್ನು ಬೇರೆ ಅಕ್ಷರ ಎಂದುಕೊಳ್ಳುತ್ತಾರೆ.

ಪುಸ್ತಕ ತೂಗುವ ಹಗ್ಗ ನೆಲದಿಂದ 90 ಸೆಂ.ಮೀ. ಎತ್ತರಕ್ಕೆ, ಬಟ್ಟೆ ಕ್ಲಿಪ್ಪಿನಲ್ಲಿ, ಮುಖಪುಟ ಕಾಣುವಂತೆ. ಐದು ಮೀಟರ್ ಹಗ್ಗಕ್ಕೆ ಇಪ್ಪತ್ತು ಪುಸ್ತಕ ಹಾಕಿದಾಗ ನಡುವೆ ಜೋತುಬಿತ್ತು. ಒಂದೂಕಾಲು ಮೀಟರಿಗೊಂದು ಮೊಳೆ ಬೇಕು. ಬೇವಿನ ಗಿಡದ ಕೆಳಗೆ ಕಟ್ಟಿ ನೋಡಿದ ದಿನ ಗಾಳಿ ಪುಸ್ತಕಗಳನ್ನು ಅರ್ಧ ತಾಸೂ ಬಿಡಲಿಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ ಸೀಮೆ ಇದು, ಮುಂಗಾರಿನಲ್ಲಿ ಬಯಲು ಓದು ಆಗದು. ನವೆಂಬರಿಗೂ ಪುಸ್ತಕಕ್ಕೆ ಎರಡೆರಡು ಕ್ಲಿಪ್ಪು, ಮೇಲೊಂದು ಕೆಳಗೊಂದು.

ಸೆಪ್ಟೆಂಬರ್

ಒಬ್ಬೊಬ್ಬರನ್ನೇ ಕರೆದು ಗಟ್ಟಿ ಓದಿಸಿ ಗುರುತು ಹಾಕುವ ತಿಂಗಳು. ಮಗುವಿಗೆ ಐದು ನಿಮಿಷ, ದಿನಕ್ಕೆ ಆರು ಮಕ್ಕಳು.

ತಪ್ಪುಗಳು ನಾಲ್ಕು ಬಗೆ ಬಂದವು. ಆಕಾರದ ಗೊಂದಲ: ರ-ಠ, ಪ-ಷ, ವ-ಮ. ಒತ್ತು ಬಿಡುವುದು: ‘ಅಕ್ಕ’ ಹೋಗಿ ‘ಅಕ’. ಅರ್ಕಾವತ್ತು: ಬರವಣಿಗೆಯಲ್ಲಿ ಅಕ್ಷರದ ಆಚೆ ಇದ್ದರೂ ಉಚ್ಚಾರದಲ್ಲಿ ಮೊದಲು ಬರುವುದರಿಂದ ‘ಸೂರ್ಯ’ ಎನ್ನುವುದು ‘ಸೂಯರ’ ಆಗುತ್ತದೆ. ಇವು ಮೂರಕ್ಕೂ ಮಿಂಚುಪಟ್ಟಿ (ಪದ ಬರೆದ ಕಾರ್ಡು) ಸಾಕು, ದಿನಕ್ಕೆ ಐದು ಪದ.

ನಾಲ್ಕನೆಯದು ತಪ್ಪೇ ಅಲ್ಲ. ಹಾಳೆಯಲ್ಲಿ ‘ಮನೆಯಲ್ಲಿ’ ಇದೆ, ಮಗು ‘ಮನ್ಯಾಗ’ ಎಂದು ಓದುತ್ತದೆ. ‘ಮಾಡಿದ್ದಾನೆ’ ಇದ್ದಲ್ಲಿ ‘ಮಾಡ್ಯಾನ’. ‘ಈರುಳ್ಳಿ’ಗೆ ‘ಉಳ್ಳಾಗಡ್ಡಿ’, ‘ಕಡಲೆಕಾಯಿ’ಗೆ ‘ಶೇಂಗಾ’. ಇದರಲ್ಲಿ ಎರಡು ಸಂಗತಿ ಬೆರೆತಿವೆ, ಬಿಡಿಸಿ ನೋಡಬೇಕು. ‘ಮನ್ಯಾಗ’ ಎಂದ ಮಗು ಅಕ್ಷರ ಓದಿ, ಅರ್ಥ ಹಿಡಿದು, ತನ್ನ ಮಾತಿಗೆ ತಿರುಗಿಸಿಕೊಂಡಿದೆ. ಬರೀ ಸದ್ದು ಹೊರಡಿಸುವ ಮಗುವಿಗೆ ಇದು ಸಾಧ್ಯವಿಲ್ಲ. ‘ಉಳ್ಳಾಗಡ್ಡಿ’ ಎಂದ ಮಗು ಚಿತ್ರವನ್ನಷ್ಟೇ ನೋಡಿರಬಹುದು. ಚಿತ್ರದ ಮೇಲೆ ಕೈ ಇಟ್ಟು ಮತ್ತೊಮ್ಮೆ ಓದಿಸಿದರೆ ಗೊತ್ತಾಗುತ್ತದೆ. ಆಗಲೂ ‘ಇದು ಉಳ್ಳಾಗಡ್ಡಿ ರೀ ಅಕ್ಕೋರ’ ಎಂದರೆ ಅದು ಓದಿದೆ ಎಂದೇ ಲೆಕ್ಕ. ಇಂಥವಕ್ಕೆ ಅಡ್ಡಗೀಟು ಹಾಕದೆ ‘ಮ’ ಎಂದು ಬರೆಯುತ್ತೇವೆ, ಮನೆಮಾತು ಎಂದು. ಗೋಡೆಯ ಮೇಲೆ ಜೋಡಿಪದದ ಪಟ್ಟಿ ಇದೆ: ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹೀಗೆ. ಪದ ತಂದು ಹಚ್ಚುವವರು ಮಕ್ಕಳೇ. ಓದುವಾಗಲೆಲ್ಲ ‘ತಪ್ಪು, ತಪ್ಪು’ ಎಂದು ತಡೆದರೆ ಮಗು ತನ್ನ ಅವ್ವನ ಮಾತೇ ತಪ್ಪು ಎಂದು ತಿಳಿದು ಬಾಯಿ ಮುಚ್ಚುತ್ತದೆ.

ವೇಗದ ಬಗ್ಗೆ ಒಂದು ಮಾತು. 2021ರಲ್ಲಿ ಆರಂಭವಾದ, ಸಣ್ಣ ಮಕ್ಕಳ ಓದು-ಲೆಕ್ಕದ ಕೇಂದ್ರ ಸರಕಾರದ ಯೋಜನೆ ನಿಪುಣ್ ಭಾರತ್‌ದ ಗುರಿಯಲ್ಲಿ ಮೂರನೆಯ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ ಎಂದಿದೆ. ಹಿಂದಿಯಲ್ಲಿ ‘ಘರ್ ಮೇಂ’ ಎರಡು ಪದ, ನಮ್ಮ ‘ಮನೆಯಲ್ಲಿ’ ಒಂದೇ. ‘ಬರುವುದಿಲ್ಲವಂತೆ’ ಎಂಬ ಒಂದು ಪದದಲ್ಲಿ ಏಳು ಅಕ್ಷರ. ಪದ ಎಣಿಸಿ ಮಗುವನ್ನು ಹಿಂದುಳಿದವರ ಸಾಲಿಗೆ ಹಾಕುವ ಮೊದಲು ಅಕ್ಷರ ಎಣಿಸಿ ನೋಡಬೇಕು. ನಾವು ಎರಡನ್ನೂ ಬರೆದಿಡುತ್ತೇವೆ.

ಅಕ್ಟೋಬರ್

ದಸರಾ ಸೂಟಿ. ಸೂಟಿಗೆ ಮೊದಲು ಮಕ್ಕಳನ್ನು ಗ್ರಾಮ ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕರೆದೊಯ್ದು ಹೆಸರು ಹಚ್ಚಿಸಿದೆವು. ‘ಓದುವ ಬೆಳಕು’ ಕಾರ್ಯಕ್ರಮದಡಿ 2020ರಿಂದ ಮಕ್ಕಳಿಗೆ ಸದಸ್ಯತ್ವ ಉಚಿತ.

ನವೆಂಬರ್ 14

ಬೆಳಿಗ್ಗೆ ಹತ್ತಕ್ಕೆ ಶುರು, ಬಿಸಿಯೂಟಕ್ಕೆ ಮುಗಿತಾಯ. ಗಿಡದ ಕೆಳಗೆ ಹತ್ತು ಕೌದಿ, ಕೌದಿಗೆ ಒಬ್ಬ ಕೇಳುಗರು, ಮೂರು ಮಕ್ಕಳು. ಮಗುವಿನ ಮುಂದೆ ತನ್ನ ಹಂತದ ಮೂರು ಪುಸ್ತಕ, ಆಯ್ಕೆ ಮಗುವಿನದೇ.

ಕೇಳುಗರಿಗೆ ಮೂರು ನಿಯಮ ಹೇಳಿದ್ದೆವು. ಎದುರಿಗೆ ಕೂಡದೆ ಪಕ್ಕದಲ್ಲಿ ಕೂಡಿರಿ, ಇಬ್ಬರಿಗೂ ಪುಟ ಕಾಣಲಿ. ಮಗು ನಿಂತರೆ ಮನಸ್ಸಿನಲ್ಲಿ ಐದು ಎಣಿಸಿ, ಆಮೇಲೆಯೇ ಪದ ಹೇಳಿರಿ. ಪುಟ ಮುಗಿಯುವ ತನಕ ತಿದ್ದಬೇಡಿರಿ. ಎರಡನೆಯದನ್ನು ಪಾಲಿಸುವುದು ಓದು ಬಲ್ಲವರಿಗೇ ಕಠಿಣ, ಎರಡು ಎಣಿಸುವಷ್ಟರಲ್ಲಿ ಹೇಳಿಬಿಡುತ್ತಾರೆ. ಅಕ್ಷರ ಬಾರದ ಅವ್ವಂದಿರು, ಆಯಿಗಳು ಕೂತ ಕೌದಿಗಳಲ್ಲಿ ಓದು ಹೆಚ್ಚು ಹೊತ್ತು ನಡೆಯಿತು. ಅವರಿಗೆ ಕಥೆ ಬೇಕು, ‘ಮುಂದ ಏನಾತು?’ ಎಂದು ಕೇಳುತ್ತಾರೆ. ಮಗುವಿಗೆ ಅರ್ಥವಾಗಿದೆಯೋ ಎಂದು ನೋಡಲು ಇದಕ್ಕಿಂತ ನೆಟ್ಟಗಿನ ಪ್ರಶ್ನೆ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಮುಂದಿನ ಸಲ ಕೌದಿಗೊಬ್ಬರು ಇಂಥ ಕೇಳುಗರು.

ಹತ್ತೂ ಕೌದಿ ಹತ್ತಿರ ಹಾಸಿದ್ದು ತಪ್ಪಾಯಿತು. ಪಕ್ಕದವರ ದನಿ ಮೀರಲು ಮಕ್ಕಳು ಕೂಗಿ, ರಾಗ ಎಳೆದು ಓದಲು ಹತ್ತಿದರು. ಅರ್ಧಕ್ಕೆ ನಿಲ್ಲಿಸಿ ನಾಲ್ಕು ಕೌದಿಗಳನ್ನು ಪಡಸಾಲೆಗೆ ಒಯ್ದೆವು. ನಡುವೆ ಮೂರು ಮೀಟರ್ ಅಂತರವಾದರೂ ಬೇಕು.

ನವೆಂಬರ್, ಕೊನೆಯ ವಾರ

ಟ್ರಂಕಿನ 48 ಪುಸ್ತಕ ಈಗ ಹಗ್ಗಕ್ಕೆ ಬಂದಿವೆ. ಐದರ ಬೆನ್ನು ಬಿಚ್ಚಿದೆ, ಐದೂ ಸ್ಟೇಪ್ಲರ್ ಹಾಕಿದವು, ದಾರದವು ಗಟ್ಟಿಯಾಗಿವೆ. ಒಂದನೆಯ ತರಗತಿಗೆ ಗುಣಿತಾಕ್ಷರದ ಹೊಸ ಎಂಟು ಪುಟದ ಪುಸ್ತಕಗಳು ಬೇಕು, ಮೊದಲು ‘ಆ’ ಸ್ವರದವು. ಪದಗಳ ಪಟ್ಟಿ ಹಾಕುವ ಕೆಲಸ ನಡೆದಿದೆ: ದಾರ, ಮಾವ, ಬಾನ, ಸಾರ, ಗಾನ.