ಇಡೀ ದಿನಕ್ಕೆ ಎರಡು ಮೈಲಿ

ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ನಮ್ಮ ನ್ಯಾರೋಬೋಟ್ (ಕಾಲುವೆಯಲ್ಲಿ ಓಡುವ ಉದ್ದನೆಯ, ಅಗಲ ಕಡಿಮೆಯ ದೋಣಿ) ಸಾಗಿದ್ದು ಬರೀ ಎರಡು ಮೈಲಿ. ಇಂಗ್ಲೆಂಡಿನ ಕೆನೆಟ್ ಅಂಡ್ ಏವನ್ ಕಾಲುವೆ, ಡಿವೈಜಸ್ ಊರಿನ ಕೇನ್ ಹಿಲ್ ಏರು. ಅಷ್ಟು ದೂರದಲ್ಲೇ 29 ಲಾಕ್‌ಗಳಿವೆ, ಅಂದರೆ ಹಿಂದೆ ಮುಂದೆ ಬಾಗಿಲಿರುವ, ನೀರು ತುಂಬಿಸಿ ದೋಣಿಯನ್ನು ಮೇಲಕ್ಕೆತ್ತುವ ತೊಟ್ಟಿಗಳು. ನೀರಿನ ಮೆಟ್ಟಿಲು ಅನ್ನಬಹುದು. ಅದರಲ್ಲಿ 16 ಒಂದರ ಬೆನ್ನಿಗೊಂದು.

ದೋಣಿ ಲಾಕ್ ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಮುಚ್ಚಬೇಕು. ಕಬ್ಬಿಣದ ಹಿಡಿಕೆ ಸಿಕ್ಕಿಸಿ ತಿರುಗಿಸಿದರೆ ಮುಂದಿನ ತೂಬು ಕಟಕಟ ಅಂತ ಮೇಲೇಳುತ್ತದೆ, ನೀರು ನುಗ್ಗುತ್ತದೆ. ಸುತ್ತ ಪಾಚಿ ಹಿಡಿದ ಒದ್ದೆ ಗೋಡೆ. ದೋಣಿ ನಿಧಾನಕ್ಕೆ ಏರಿದ ಹಾಗೆ ಮೊದಲು ದಡದ ಹುಲ್ಲು ಕಾಣುತ್ತದೆ, ಆಮೇಲೆ ಯಾರದೋ ಬೂಟು, ಆಮೇಲೆ ಅವರ ನಗುಮುಖ. ಬಾಗಿಲಿನ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳಬೇಕು. ಎರಡೂ ಕಡೆ ನೀರು ಸಮ ಆಗುವವರೆಗೆ ಜಪ್ಪಯ್ಯ ಅಂದರೂ ಅದು ಅಲುಗುವುದಿಲ್ಲ. ಸಮ ಆಯಿತೋ, ಸುಮ್ನೆ ಒರಗಿದರೆ ಸಾಕು.

ಆ ಬೂಟು ಒಬ್ಬ ಸ್ವಯಂಸೇವಕರದ್ದು. ತಲೆ ಪೂರ್ತಿ ಬೆಳ್ಳಗಾಗಿದೆ, ಆರೇಳು ಲಾಕ್ ನಮ್ಮ ಜೊತೆ ಬಂದರು. 1810ರಲ್ಲಿ ಪೂರ್ತಿಯಾದ ಕಾಲುವೆ ಇದು. ರೈಲು ಬಂದ ಮೇಲೆ ಸೊರಗಿ, ಹೂಳು ತುಂಬಿ ಹೋಗಿತ್ತು. ಇಂಥವರೇ ಎಷ್ಟೋ ಜನ ವರ್ಷಗಟ್ಟಲೆ ಕೆಸರು ಎತ್ತಿದರು, ದುಡ್ಡು ಕೂಡಿಸಿದರು. 1990ರಲ್ಲಿ ಮತ್ತೆ ದೋಣಿ ಹೋಗುವಂತಾಯಿತು. ಅವರ ಕೈ ಕುಲುಕುವಾಗ ನನಗೆ ಮಾತೇ ಹೊರಡಲಿಲ್ಲ.

ಕಾಲುವೆಯಲ್ಲಿ ಗಂಟೆಗೆ 4 ಮೈಲಿ ಮೀರುವಂತಿಲ್ಲ. ಅಮ್ಮ ದಡದ ಮೇಲೆ ನಡೆದೇ ನಮಗಿಂತ ಮುಂದೆ ಹೋಗಿ, ಪ್ರತಿ ಲಾಕ್ ಹತ್ತಿರ ಕಾಯುತ್ತಿದ್ದರು. ಎಷ್ಟು ವರ್ಷ ಆಗಿತ್ತೋ, ಅಮ್ಮ ಹೀಗೆ ಆತುರವಿಲ್ಲದೆ ನಿಂತಿದ್ದನ್ನು ನೋಡಿ.