ಸಾಂಬ್ರಾಕ್ಕೆ ಮುಂದಿನ ಸೀಟು

ದೆಹಲಿಯಿಂದ ಬೆಂಗಳೂರು, ಅಲ್ಲಿ ವಿಮಾನ ಬದಲಿಸಿ ಬೆಳಗಾವಿಯ ಸಾಂಬ್ರಾ ನಿಲ್ದಾಣ. ಈ ಎರಡನೇ ಹಾರಾಟ ಒಂದು ತಾಸು ಚಿಲ್ಲರೆ ಅಷ್ಟೇ, ಅದಕ್ಕೆ ಬಿಸಿನೆಸ್ ಕ್ಲಾಸ್ ಯಾಕೆ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಅವ್ವನ ಮೊಣಕಾಲಿಗಾಗಿ. ಮೊದಲ ವಿಮಾನದಲ್ಲಿ ಮಡಚಿಕೊಂಡು ಕೂತ ಕಾಲು ಬಿಗಿಯೋದು ಎರಡನೇದು ಹತ್ತೋ ಹೊತ್ತಿಗೇ ಅಲ್ವಾ?

ಬೆಳಗಾವಿಗೆ ಹೋಗೋ ಎಂಬ್ರೇರ್ 175 ಚಿಕ್ಕ ವಿಮಾನ. ಹಿಂದೆ ಆ ಕಡೆ ಎರಡು, ಈ ಕಡೆ ಎರಡು ಸೀಟು, ನಡುವಿನ ಸೀಟಿನ ಕಾಟವೇ ಇಲ್ಲ, ಗಟ್ಟಿ ಕಾಲಿನವರಿಗೆ ಅದೇ ಸಾಕು. ಮುಂದೆ ಕೂತ ಅವ್ವ ಮಾತ್ರ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಎರಡೂ ಕಾಲು ಉದ್ದಕ್ಕೆ ಚಾಚಿದಳು. "ಎದುರಿನ ಸೀಟಿಗೆ ತಾಕಂಗಿಲ್ಲ ನೋಡಪಾ" ಅಂದಳು. ಆ ಮುಖ ನೋಡಿ ನನಗೆ ಹೊಟ್ಟೆ ತುಂಬಿತು.

ತಿಂಡಿ, ಉಪಚಾರಕ್ಕೆ ಅಂತ ಇಷ್ಟು ದುಡ್ಡು ಕೊಡೋದು ದಂಡ. ತಟ್ಟೆ ಖಾಲಿಯಾಗೋದ್ರೊಳಗೆ ಇಳಿಯೋ ಸೂಚನೆ ಬರುತ್ತದೆ. ಕಾಲಿಗೆ ಜಾಗ, ನೂಕಾಟವಿಲ್ಲದೆ ಮೊದಲು ಇಳಿಯೋದು, ಇವಕ್ಕೆ ಮಾತ್ರ ಕೊಡಬಹುದು.

ಸಾಂಬ್ರಾ ನಿಲ್ದಾಣ 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ಅವ್ವ ಸಣ್ಣವಳಿದ್ದಾಗ ಹೊಲದಲ್ಲಿ ನಿಂತು ಅಲ್ಲಿನ ವಿಮಾನ ನೋಡುತ್ತಿದ್ದಳಂತೆ, ಇಳಿಯುವಾಗ ಅದನ್ನೇ ಹೇಳುತ್ತಿದ್ದಳು. ಮುಂದಿನ ಸಲ ಅಪ್ಪನೂ ಬರ್ತಾರಂತೆ, ಅವರಿಗೂ ಮುಂದೆಯೇ ಸೀಟು ಮಾಡಿಸ್ತೀನಿ.